ಕೆಂಪವ್ವನ ಜವಳ

ಮಳೆ ನಿಂತ ಮೂವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ
(ನಿಮ್ಮ ಲೆಕ್ಕದಲ್ಲಿ 2294)
ಥಾರ್ನ್‌ಮಿಯರ್ ಪಾರ್ಕ್, ಇಂಗ್ಲೆಂಡ್

ಭಾನುವಾರ ಬುತ್ತಿ ಕಟ್ಟಿಕೊಂಡು ಈ ಪಾರ್ಕಿಗೆ ಬರುವ ಕನ್ನಡದವರಿಗೆ, ದಾನಮ್ಮನ ಶರಣಾರ್ಥಿಗಳು.

ನನ್ನ ಕೆಲವು ಮಾತು ನಿಮಗೆ ಅರ್ಥವಾಗದಿದ್ದರೆ ಮನ್ನಿಸಬೇಕು. ನಮ್ಮ ಕನ್ನಡ ಇಲ್ಲಿ ಇನ್ನೂರೈವತ್ತು ವರ್ಷ ಒಂಟಿಯಾಗಿ ಬೆಳೆದಿದೆ. ಅದೂ ಅಲ್ಲದೆ ನಾನು ಏಳನೆಯ ತರಗತಿಗೇ ಸಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ, ಒಂದೆಡೆ ಕೂರಲು ನನಗೆ ಆಗುತ್ತಿರಲಿಲ್ಲ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ವರ್ಷಕ್ಕೆ ಒಬ್ಬರಿಗೆ ಒಂದೇ ಹಾಳೆ. ಮುಟ್ಟಿತೋ ಇಲ್ಲವೋ ಎಂದು ಇಂದಿನವರೆಗೆ ಯಾರಿಗೂ ತಿಳಿದಿಲ್ಲ.

ನೀವು ರೆಡ್‌ವುಡ್ ಅನ್ನುವ ಮರವನ್ನು ನಾವು ಕೆಂಪವ್ವ ಅನ್ನುತ್ತೇವೆ. ಪಾರ್ಕಿನ ಹಳೆಯ ದಾರಿಯ ಎರಡೂ ಬದಿಗೆ ನಿಮ್ಮ ಕಾಲದಲ್ಲಿ ಅರವತ್ತು ನಿಂತಿದ್ದವಂತೆ. ಈಗ ಹನ್ನೊಂದಿವೆ. ಮಳೆ ಬಾರದಿದ್ದರೂ ನಸುಕಿನಲ್ಲಿ ಸಮುದ್ರದ ಕಡೆಯಿಂದ ಮಂಜು ಬರುತ್ತದೆ. ಗುಡ್ಡದ ಮೇಲೆ ಮಂಜುಬಲೆ ಕಟ್ಟಿದ್ದೇವೆ, ಸೀರೆಯಷ್ಟು ಅಗಲದ ತೆಳು ಬಟ್ಟೆ. ಅದರಿಂದ ತೊಟ್ಟಿಕ್ಕುವ ನೀರೇ ನಮ್ಮ ಅಡುಗೆಗೆ, ಆಡುಗಳಿಗೆ, ಮರಗಳಿಗೆ. ಒಂದು ಮರಕ್ಕೆ ದಿನಕ್ಕೆ ನಾಲ್ಕು ಕೊಡ. ಸ್ನಾನ ಹುಣ್ಣಿಮೆಗೊಮ್ಮೆ. ಕೊಡ ಹೊತ್ತು ಹೊತ್ತು ನನ್ನ ಎಡಭುಜ ಬಲಭುಜಕ್ಕಿಂತ ತಗ್ಗಾಗಿದೆ. ಇಲ್ಲಿ ಎಲ್ಲರದೂ ಹಾಗೆಯೇ. ಮರಗಳ ನೆರಳು ಹೋದರೆ ಮಂಜು ನೆಲಕ್ಕಿಳಿಯುವ ಮೊದಲೇ ಆರುತ್ತದೆ, ಮಂಜು ಹೋದರೆ ನಾವಿಲ್ಲ. ಇಷ್ಟು ಇಲ್ಲಿ ಮಗುವಿಗೂ ಗೊತ್ತು.

ನಮ್ಮ ಮೂಲದವರು ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುತ್ತಿದ್ದವರು. ದ್ರಾಕ್ಷಿ ಬಳ್ಳಿಯ ಪಕ್ಕದ ಕುಡಿ ಚಿವುಟಿದರೆ ಬಳ್ಳಿಯ ಸತ್ವ ಪೋಲಾಗುವುದಿಲ್ಲ ಎಂಬುದು ಅವರ ಕೈಗೆ ಗೊತ್ತಿದ್ದ ವಿದ್ಯೆ. ಕೆಂಪವ್ವನ ಬುಡದಲ್ಲಿ ಪ್ರತಿ ವಸಂತಕ್ಕೂ ಸುತ್ತಲೂ ಎಳೆ ಕುಡಿ ಏಳುತ್ತಿದ್ದವು. ತೊಂಬತ್ತು ವರ್ಷದ ಕೆಳಗೆ, ನೀರು ಕಡಿಮೆಯಾದಾಗ, ನಮ್ಮ ಹಿರಿಯರು ಅವನ್ನೂ ಸವರಿದರು, ಅವ್ವನ ಪಾಲಿನ ನೀರು ಅವ್ವನಿಗೇ ಇರಲಿ ಎಂದು. ಮುಂದೆ ಅದು ಶಾಸ್ತ್ರವಾಯಿತು. ಕೂಸಿನ ಮೊದಲ ಕೂದಲು ತೆಗೆಯುವಂತೆ ಇದಕ್ಕೂ ಜವಳ ಎಂದರು. ಹೆಂಗಸರು ಜೋಗುಳ ಹಾಡುತ್ತಾರೆ, ಪ್ರತಿ ಮನೆಗೂ ಒಂದು ಮರ, ಕುಡುಗೋಲು ಆ ಮನೆಯ ಕಿರಿಯರ ಕೈಯಲ್ಲಿ. ಮುಗಿದ ಮೇಲೆ ತೊಗಟೆಯ ಮೇಲೆ ಅಂಗೈ ಇಟ್ಟು ‘ನನ್ನ ಕೈ ಚೊಕ್ಕ’ ಅನ್ನಬೇಕು, ಅಂದರೆ ಒಂದು ಕುಡಿಯನ್ನೂ ಬಿಟ್ಟಿಲ್ಲ ಎಂದು.

ನಾನು ತಿರುಗಾಡುವವಳು. ಮೂರು ವರ್ಷದ ಹಿಂದೆ ಎರಡು ದಿನ ಉತ್ತರಕ್ಕೆ ನಡೆದು ಒಂದು ಕಣಿವೆಗೆ ಇಳಿದೆ. ಯಾವುದೋ ಹಳೆಯ ಬಂಗಲೆಯ ತೋಟ. ಜನ ಬಿಟ್ಟು ನೂರು ವರ್ಷವಾಗಿರಬೇಕು. ಅಲ್ಲಿ ಒಂದು ಕೆಂಪವ್ವ ಸತ್ತು ಬಿದ್ದಿತ್ತು. ಅದರ ಬುಡದ ಸುತ್ತ, ಹಸೆಯ ಮೇಲೆ ಕೂತವರಂತೆ, ಏಳು ಮರ ನಿಂತಿದ್ದವು. ಅವಕ್ಕೆ ಯಾರೂ ನೀರು ಹೊತ್ತಿರಲಿಲ್ಲ, ಯಾರೂ ಜವಳ ಮಾಡಿರಲಿಲ್ಲ. ಅವ್ವನ ಬೇರೇ ಅವುಗಳ ಬೇರು, ನಾವು ಸವರುವಂಥ ಕುಡಿಗಳೇ ಬೆಳೆದು ಮರವಾಗಿದ್ದವು. ಅಲ್ಲಿಯೇ ಕೂತು ಬಹಳ ಹೊತ್ತು ಅತ್ತೆ.

ಮರಳಿ ಬಂದ ವಸಂತದಲ್ಲಿ, ಜವಳಕ್ಕೆ ಮೊದಲೇ, ನಮ್ಮ ಮನೆಯ ಮರಕ್ಕೆ ಒಂದು ಕುಡಿ ಬಿಟ್ಟೆ, ಬೇರಿನ ಸಂದಿಯಲ್ಲಿ, ಕಲ್ಲೊಟ್ಟಿ ಮರೆಮಾಡಿ. ಆ ವರ್ಷವೂ ಮರುವರ್ಷವೂ ಜವಳದ ದಿನ ಜ್ವರ ಬಂದು ಮಲಗಿದ್ದೆ, ನನ್ನ ಬದಲು ಕುಡುಗೋಲು ಹಿಡಿದವರಿಗೆ ಕಲ್ಲಿನ ಹಿಂದಿನದು ಕಾಣಲಿಲ್ಲ. ಜ್ವರ ನಿಜವಾದದ್ದೇ, ಆದರೆ ಅದು ಬಂದಿತೆಂದು ಸಂತೋಷಪಟ್ಟದ್ದೂ ನಿಜ. ಕುಡಿ ನನ್ನ ಸೊಂಟದೆತ್ತರ ಬಂತು. ಈ ವರ್ಷ ಜ್ವರ ಬರಲಿಲ್ಲ. ತೊಗಟೆಯ ಮೇಲೆ ಅಂಗೈ ಇಟ್ಟೆ. ಒಂದು ಬಿಟ್ಟಿದ್ದೇನೆ ಎಂದೆ.

ಕಣಿವೆಯ ಕಥೆಯನ್ನೆಲ್ಲ ಹೇಳಿದೆ. ನೀರಿನ ಪಾಳಿ ನೋಡುವ ಮಡಿವಾಳಪ್ಪ ಕಾಕಾ, ಸಾಲಿ ಬಿಟ್ಟಾಕಿ ನಮಗ ಪಾಠ ಹೇಳಾಕ ಬಂದಾಳ ನೋಡ್ರಿ ಎಂದು ನಕ್ಕರು. ಹಂಗಾದ್ರ ತೋರಿಸು ಎಂದರು ಯಾರೋ. ಹೋದ ಬೇಸಿಗೆಯ ಬೆಂಕಿ ಆ ಕಣಿವೆಯನ್ನು ಬೇರುಸಹಿತ ತಿಂದಿತ್ತು. ತೋರಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಕೊನೆಗೆ ಎಲ್ಲರೂ ನೀಲಗಂಗಾ ಆಯಿಯ ಕಡೆ ನೋಡಿದರು. ಆಕೆ ನನ್ನ ತಂದೆಯ ತಾಯಿ, ಊರಿಗೆ ಹಿರಿಯಳು, ಅರವತ್ತು ಜವಳ ನಡೆಸಿದವಳು. ಕಣ್ಣು ಮಂಜಾಗಿದೆ. ಆಕೆ ಆ ಕುಡಿಯನ್ನು ಬುಡದಿಂದ ತುದಿಯವರೆಗೆ ಕೈಯಾಡಿಸಿ ನೋಡಿದಳು.

“ನೀ ಸುಳ್ಳು ಹೇಳಾಕಿ ಅಲ್ಲ, ದಾನಿ, ನನಗ ಗೊತ್ತೈತಿ. ಆದ್ರ ಇದು ಖರೆ ಅಂದ್ರ ನಮ್ಮವ್ವ, ಅಕೀ ಅವ್ವ, ನಾನು, ಎಲ್ಲಾರೂ ಕೂಸು ಕೊಂದವರು ಆದಿವಿ. ಅದನ್ನ ಹೊತ್ಕೊಂಡು ನಾ ಹೆಂಗ ಸಾಯ್ಲಿ? ಕಡಿ.”

ಕಡಿದೆ. ಯಾರೂ ನನ್ನ ಕೈ ಹಿಡಿದು ಕಡಿಸಲಿಲ್ಲ. ಕುಡುಗೋಲು ಎಸೆದು ಓಡಿಹೋಗಬಹುದಿತ್ತು, ನಾನು ಓಡುವುದರಲ್ಲಿ ಪಳಗಿದವಳು. ಆಯಿಯ ಮುಖ ನೋಡಿ ಕಡಿದೆ.

ಅದಾಗಿ ಐದು ತಿಂಗಳು. ಹನ್ನೊಂದು ಮರಗಳ ತುದಿಗಳೂ ಒಣಗಿ ಬೆಳ್ಳಗಾಗಿವೆ. ಕಡಿದ ಜಾಗದಲ್ಲಿ ಎರಡನೆಯ ಚಿಗುರು ಬರುವುದು ವಾಡಿಕೆ. ಈ ಸಲ ಎಲ್ಲಿಯೂ ಬಂದಿಲ್ಲ. ಮರಗಳಿಗೆ ಇನ್ನು ಶಕ್ತಿಯಿಲ್ಲ ಎಂದು ನನಗನಿಸುತ್ತದೆ. ಮಡಿವಾಳಪ್ಪ ಕಾಕಾ ಈಗ ನಗುವುದಿಲ್ಲ. ತಮ್ಮ ಪಾಲಿನ ಒಂದು ಕೊಡವನ್ನು ಯಾರಿಗೂ ಹೇಳದೆ ನಮ್ಮ ಮರಕ್ಕೆ ಸುರಿದು ಹೋಗುತ್ತಾರೆ.

ನಿಮ್ಮ ಕಾಲಕ್ಕೆ ಈ ಮರಗಳಿಗೆ ನೂರೈವತ್ತು ಚಿಲ್ಲರೆ ವರ್ಷ. ಬುಡದಲ್ಲಿ ಕುಡಿಗಳಿರುತ್ತವೆ, ಅಂದಗೆಡುತ್ತದೆ ಎಂದು ಮಾಲಿಗಳು ಸವರುತ್ತಿರುತ್ತಾರೆ. ಒಂದೆರಡನ್ನಾದರೂ ಬಿಡಿ ಎಂದು ಅವರಿಗೆ ಹೇಳಿ. ನೀವು ಹೇಳುತ್ತೀರಿ ಎಂಬ ನಂಬಿಕೆ ನನಗೆ ಹೆಚ್ಚಿಲ್ಲ. ಹೇಳಿದ್ದರೆ ಇಲ್ಲಿ ಇನ್ನೊಂದು ಸಾಲು ಮರ ನಿಂತಿರಬೇಕಿತ್ತು, ಹುಡುಕಿದೆ, ಇಲ್ಲ. ಆದರೂ ನನ್ನ ಪಾಲಿನ ಹಾಳೆಯನ್ನು ಖಾಲಿ ಇಡಲು ಮನಸ್ಸಾಗಲಿಲ್ಲ.

ಆಯಿ ಈಗ ಹಾಸಿಗೆ ಹಿಡಿದಿದ್ದಾಳೆ. ಜವಳದ ಮಾತು ಎತ್ತುವುದಿಲ್ಲ. ನಾನು ನೀರು ಹಾಕಿ ಬಂದೊಡನೆ ಗೋಡೆಯ ಕಡೆ ಮುಖ ಮಾಡಿಯೇ, “ಬಂದೈತೇನ?” ಅನ್ನುತ್ತಾಳೆ. ಚಿಗುರು ಬಂದಿದೆ ಎಂದರೆ ಆಕೆ ನೆಮ್ಮದಿಯಾಗಿ ಹೋಗುತ್ತಾಳೆ, ನನಗೆ ಗೊತ್ತು. ಮನೆಯವರೆಲ್ಲ ಹಾಗೆ ಹೇಳೆಂದು ನನ್ನ ಕೈ ಹಿಡಿದು ಬೇಡಿದ್ದಾರೆ. ಇಂದು ಬೆಳಗ್ಗೆಯೂ ಹನ್ನೊಂದು ಬುಡಗಳನ್ನೂ ಮಂಡಿಯೂರಿ ನೋಡಿ ಬಂದು, ಇಲ್ಲ ಆಯಿ ಎಂದೆ.

ದಾನಮ್ಮ