ಮೀನಿಗೆ ಉಪ್ಪು ಹಾಕಿದ್ದು

ಹಾಸ್ಟೆಲಿನಲ್ಲಿ ಕೂತು ಮೀನಿಗಾಗಿ ಅಳುತ್ತಿರುವ ನನ್ನ ಮುದ್ದು ಮೂದೇವಿಗೆ ಅಜ್ಜಿಯ ಆಶೀರ್ವಾದ.

ಕಣ್ಣೊರೆಸಿಕೋ, ನಿನ್ನ ಮೀನು ಕೆಂಪಿ ಬದುಕಿದ್ದಾಳೆ. ಫೋನಿನಲ್ಲಿ ಹೇಳಹೋದರೆ ನಿನ್ನ ತಾತ ನಡುವೆ ಬಾಯಿ ಹಾಕುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಎದ್ದಾಗ ನೀನು ಫೋನು ಮಾಡಿ “ಮೀನಿಗೆ ಉಪ್ಪು ಹಾಕಿ” ಎಂದೆಯಲ್ಲ, ಅದನ್ನು ಕೇಳಿಸಿಕೊಂಡವರು ತಾತ. ನಾನು ಅಡುಗೆಮನೆಗೆ ಬರುವಷ್ಟರಲ್ಲಿ ಕಾವಲಿ ಒಲೆಯ ಮೇಲಿತ್ತು!

“ಇದೇನ್ರೀ?”

“ಅವಳೇ ಹೇಳಿದ್ಲು ಕಣೇ, ಉಪ್ಪು ಹಾಕ್ಬೇಕಂತೆ. ಖಾರ ಎಷ್ಟು ಅಂತ ಹೇಳ್ಲಿಲ್ಲ.”

“ಖಾರ ನಿಮ್ಮ ತಲೆಗೆ ಹಾಕ್ಬೇಕು! ಗಂಟಲು ಕೆಟ್ರೆ ನಾವು ಉಪ್ಪುನೀರು ಮುಕ್ಕಳಿಸಲ್ವಾ? ಇದೂ ಹಾಗೇ, ಮೈಮೇಲಿನ ಹುಳ ಸಾಯ್ಲಿ ಅಂತ.”

ಆಮೇಲೆ ಸಾಕುಮೀನಿನ ಅಂಗಡಿಯವನನ್ನು ಅಳತೆ ಕೇಳಿಕೊಂಡು, ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ತೊಟ್ಟಿಗೆ ಸ್ವಲ್ಪಸ್ವಲ್ಪವೇ ಸುರಿದೆ. ಮೊದಮೊದಲು ಕೆಂಪಿ ತಳದಲ್ಲಿ ಒರಗಿಯೇ ಇದ್ದಳು. ನಿನಗೇನು ಹೇಳಲಿ ಎಂದು ಗಳಿಗೆಗೊಮ್ಮೆ ಹೋಗಿ ನೋಡುತ್ತಿದ್ದೆ. ಈಗ ಒಂದು ಚುಕ್ಕೆಯೂ ಇಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ, ಇವಳು ಎರಡನ್ನೂ ಒಟ್ಟಿಗೇ ಮುಗಿಸಿ ಬಾಲ ಕುಣಿಸುತ್ತಿದ್ದಾಳೆ.

ತಾತನಿಗೆ ಮಾತ್ರ ಹುಚ್ಚು ಹಿಡಿದಿದೆ. ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕೂತವರನ್ನು ಊಟಕ್ಕೆ ಕರೆದರೆ, “ತಡಿಯೇ, ಅವಳು ಮೊದ್ಲು ತಿನ್ಲಿ” ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ನಾನು ಉಂಡೆನಾ ಎಂದು ಕೇಳಿದ ಬಾಯಲ್ಲ ಅದು!

ರಜೆಗೆ ಬರುವಾಗ ಕೆಂಪಿಗೊಂದು ಗಂಡು ಹುಡುಕಿಕೊಂಡು ಬಾ. ನನ್ನ ಗಂಡನನ್ನು ನನಗೆ ಬಿಟ್ಟುಕೊಡಲಿ.

ಇಂತಿ,
ಮೀನಿನ ಸವತಿ,
ನಿನ್ನ ಅಜ್ಜಿ