ನೀವು ಮೆಚ್ಚಿದ ಮೀಸೆ

ಪ್ರೀತಿಯ ಅತ್ತೆಗೆ,

ಕನ್ನಡಕ ಹುಡುಕುವುದು ಬೇಡ, ದೊಡ್ಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಚೀನಾ ಯುದ್ಧದ ಸುದ್ದಿ ರೇಡಿಯೋದಲ್ಲಿ ಬರುತ್ತಿದ್ದ ವರ್ಷ, ಶಿರ್ತಾಡಿಯ ನಿಮ್ಮ ಜಗಲಿಯಲ್ಲಿ ಕುಳಿತು ನೆರೆಮನೆಯವರ ಹತ್ತಿರ ಹೇಳುತ್ತಿದ್ದಿರಿ: “ನಮ್ಮ ಅಳಿಯನ ಮೀಸೆ ನೋಡಿ ಮಾರಾಯ್ರೆ! ಅಂಥ ಗಂಡಸಿಗೆ ಏನು ಕೊರತೆ ಉಂಟು? ಮಕ್ಕಳಾಗದ್ದಕ್ಕೆ ದೋಷ ನಮ್ಮ ನಾಗಬನದ್ದೇ.” ಒಳಗೆ ಕಾಫಿ ಕುಡಿಯುತ್ತಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು. ಆ ಮೀಸೆ ಬಂಟ್ವಾಳದ ಡಾಕ್ಟರರ ಸಿರಿಂಜಿನಿಂದ ಬಂದದ್ದು ಅತ್ತೆ. ಅದಕ್ಕೆ ಮೊದಲು ಮೀಸೆಯೆಂದು ಹೇಳಿಕೊಳ್ಳುವಂಥದ್ದು ನನಗೆ ಇರಲೇ ಇಲ್ಲ.

ಹದಿನಾರನೇ ವಯಸ್ಸಿನಲ್ಲಿ ನನಗೆ ಮಂಗಬಾವು ಬಂದು ಕೆನ್ನೆ ಊದಿದ ಕಥೆಯನ್ನು ನೀವು ನಗುತ್ತ ಕೇಳಿದ್ದಿರಿ. ಬಾವು ಕೆಳಗೂ ಇಳಿದು ವೃಷಣಗಳೆರಡೂ ಬಾಡಿಹೋದದ್ದನ್ನು ನಾನು ಹೇಳಲಿಲ್ಲ. ಹೇಳುವ ಮಾತೇ ಅದು? ತೋಡಾರಿನ ಶಾಲೆಗೆ ಮಾಸ್ತರನಾದಾಗ ಒಂದು ಏರು ಸೈಕಲ್ ತುಳಿದರೆ ಏದುಸಿರು, ದಿನವಿಡೀ ಸುಸ್ತು, ಮದುವೆಯ ಮಾತೆತ್ತಿದರೆ ಮನಸ್ಸಿಗೆ ಏನೂ ಅನಿಸುತ್ತಿರಲಿಲ್ಲ. ಡಾಕ್ಟರರು ಪರೀಕ್ಷೆ ಮಾಡಿ, ಗಂಡಸಿನ ದೇಹದಲ್ಲಿರಬೇಕಾದ ಹಾರ್ಮೋನು ಕಡಿಮೆಯಾಗಿದೆ ಎಂದು ಮೂರು ವಾರಕ್ಕೊಂದು ಇಂಜೆಕ್ಷನ್ ಶುರುಮಾಡಿದರು. ನಿಜಕ್ಕೂ ಜೀವ ಬಂತು. ಅಲ್ಲಿಯ ಕಂಪೌಂಡರ್ ಕಣ್ಣು ಹೊಡೆದ: “ಇನ್ನು ಕಂಬಳದ ಕೋಣವೂ ನಿಮ್ಮ ಮುಂದೆ ಏನಿಲ್ಲ ಮಾಸ್ಟ್ರೆ. ಮದುವೆ ಆಗಿ, ವರ್ಷದೊಳಗೆ ತೊಟ್ಟಿಲು ಕಟ್ಟುವ!” ನಂಬಿದೆ. ಗೊತ್ತಾಗದ್ದನ್ನು ಕೇಳಿ ತಿಳಿಯಿರಿ ಎಂದು ದಿನಾ ಮಕ್ಕಳ ಕಿವಿ ಹಿಂಡುವ ನಾನು ಡಾಕ್ಟರರನ್ನು ಒಂದು ಮಾತು ಕೇಳಲಿಲ್ಲ. ಮೀಸೆ ಬಂದ ಮೇಲೆ ಮಕ್ಕಳು ಬರದಿರುತ್ತವೆಯೇ...

ಮದುವೆಯಾದ ಐದನೇ ವರ್ಷ ಕೊನೆಗೂ ಕೇಳಿದೆ. ಡಾಕ್ಟರರು ಸಿರಿಂಜು ಕೆಳಗಿಟ್ಟರು. “ಯಾರು ಹೇಳಿದ್ದು ನಿಮಗೆ? ಇದು ಕಡಿಮೆಯಾದದ್ದನ್ನು ತುಂಬಿಸುವ ಮದ್ದು, ಅಷ್ಟೆ. ಮಕ್ಕಳಾಗ್ಲಿಕ್ಕೆ ಅಲ್ಲ. ಸರಿಯಿದ್ದವನಿಗೆ ಚುಚ್ಚಿದರೂ ವೀರ್ಯದಲ್ಲಿ ಬೀಜ ಕಡಿಮೆಯಾಗ್ತದೆ. ನಿಮ್ಮದಂತೂ ಮಂಗಬಾವಿನಲ್ಲೇ ಹೋಗಿದೆ.”

“ಹಾಗಾದ್ರೆ ಬಿಟ್ಟುಬಿಡ್ಲಾ?”

“ಬಿಟ್ಟರೆ ಹಳೇ ಸುಸ್ತು ಬರ್ತದೆ. ಮಗು ಬರುವುದಿಲ್ಲ.”

ಅದೇ ವಾರ ನಿಮ್ಮ ಬನದಲ್ಲಿ ನಾಗದೋಷ ಕಳೆಯಲು ಆಶ್ಲೇಷಾ ಬಲಿ. ನೆನಪಿದೆಯೇ? ಸುಶೀಲ ಹಿಂದಿನ ದಿನದಿಂದ ನೀರೂ ಕುಡಿಯದೆ, ಒದ್ದೆ ಸೀರೆಯಲ್ಲಿ ಸುತ್ತು ಬರುತ್ತಿದ್ದಳು. ನಿಮ್ಮದು ಅಳಿಯಸಂತಾನದ ಮನೆ, ತಾಯಿಯಿಂದ ಮಗಳಿಗೆ ಸಾಗಬೇಕಾದ ವಂಶ. ಇದ್ದದ್ದು ಅವಳೊಬ್ಬಳೇ ಮಗಳು. ನಾನು ಕೈಮುಗಿದು ನಿಂತಿದ್ದೆ. ಬಾಯಿ ತೆರೆದರೆ ಮರ್ಯಾದೆ ಹೋಗುತ್ತದೆ, ತೆರೆಯದಿದ್ದರೆ ಅವಳ ಉಪವಾಸ ಮುಗಿಯುವುದಿಲ್ಲ. ನಾನು ಮರ್ಯಾದೆಯನ್ನು ಉಳಿಸಿಕೊಂಡೆ. ಮರುವರ್ಷವೂ, ಅದರ ಮರುವರ್ಷವೂ. ಮೂರು ವಾರಕ್ಕೊಮ್ಮೆ ಸಾಹಿತ್ಯ ಸಂಘದ ಸಭೆ ಎಂದು ಸುಳ್ಳು ಹೇಳಿ ಬಂಟ್ವಾಳದ ಬಸ್ಸು ಹತ್ತುತ್ತಿದ್ದೆ. ಹೆಚ್ಚುತ್ತಿದ್ದ ಮೀಸೆಯನ್ನು ಕನ್ನಡಿಯಲ್ಲಿ ಕಂಡರೆ ಕಿತ್ತುಹಾಕುವಷ್ಟು ಸಿಟ್ಟು ಬರುತ್ತಿತ್ತು.

ನೀವು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡಿರಿ. “ಮಕ್ಕಳಾಗದ ಹೆಣ್ಣನ್ನು ಕೊಟ್ಟೆವು ನಿಮಗೆ. ಮನಸ್ಸಿನಲ್ಲಿ ಇಟ್ಕೊಳ್ಬೇಡಿ,” ಎಂದಿರಿ. ನನ್ನ ಹತ್ತಿರ ಕ್ಷಮೆ ಕೇಳಿದಿರಿ ಅತ್ತೆ, ನನ್ನ ಹತ್ತಿರ! “ಛೆ, ಹಾಗೆಲ್ಲ ಹೇಳ್ಬೇಡಿ,” ಎಂದೆ, ಬಹಳ ದೊಡ್ಡ ಮನಸ್ಸಿನವನ ಹಾಗೆ. ಆ ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಿಮ್ಮ ಉತ್ತರಕ್ರಿಯೆಯ ಮರುದಿನ ನಿಮ್ಮ ತಮ್ಮ ನನ್ನನ್ನು ಕರೆದು ಕೂರಿಸಿಕೊಂಡರು. “ಅಳಿಯಂದಿರು ಗಟ್ಟಿ ಗಂಡಸು, ಪಾಪ. ಸುಶೀಲನ ಬಿಟ್ಟು ಬೇರೆ ಮದುವೆ ಆಗ್ಲಿ. ನಮ್ಮದೇನೂ ತಕರಾರಿಲ್ಲ.” ಬಾಗಿಲ ಬಳಿ ನಿಂತಿದ್ದ ಸುಶೀಲ ತಲೆ ತಗ್ಗಿಸಿ, “ಆಗ್ಲಿ,” ಎಂದಳು. ಇನ್ನು ನನ್ನಿಂದಾಗಲಿಲ್ಲ. ಅವಳನ್ನು ಬಾವಿಕಟ್ಟೆಯ ಬಳಿ ಕರೆದು ಎಲ್ಲವನ್ನೂ ಹೇಳಿದೆ, ಮಂಗಬಾವಿನಿಂದ ಸಿರಿಂಜಿನವರೆಗೆ.

ಅವಳು ಬಹಳ ಹೊತ್ತು ನೀರು ಸೇದುತ್ತಲೇ ಇದ್ದಳು. ಕೊಡ ತುಂಬಿ ಹರಿದರೂ ನಿಲ್ಲಿಸಲಿಲ್ಲ.

“ನನ್ನ ಉಪವಾಸ ಹೋಗ್ಲಿ. ಅಮ್ಮ ಇರುವಾಗ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?”

ಹಗ್ಗ ತೆಗೆದುಕೊಳ್ಳಲು ಕೈ ಚಾಚಿದೆ, ಅವಳು ಬಿಡಲಿಲ್ಲ.

“ಅಮ್ಮನಿಗೆ ಬರೀರಿ,” ಎಂದಳು. “ನಾಗರಪಂಚಮಿಗೆ ಕುಟುಂಬದವರೆಲ್ಲ ಬನಕ್ಕೆ ಬರ್ತಾರೆ. ಸೋದರಮಾವನ ಎದುರು ನಾನೇ ಓದ್ತೇನೆ.”

“ಆಮೇಲೆ ನೀನು... ನನ್ನ ಜೊತೆ...”

“ಮೊದಲು ಓದುವ.”

ಈಗ ಅವಳು ಎದುರಿನಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದಾಳೆ, ನಾನು ಬರೆದು ಮುಗಿಸುವುದನ್ನು ಕಾಯುತ್ತ. ಈ ಕಾಗದವನ್ನು ಅವಳಿಗೆ ಕೊಡುವುದಿಲ್ಲ ಅತ್ತೆ. ಪಂಚಮಿಯ ದಿನ, ಅವಳು ಒದ್ದೆ ಸೀರೆಯಲ್ಲಿ ಸುತ್ತು ಬಂದ ಅದೇ ಜಾಗದಲ್ಲಿ ನಿಂತು ನಾನೇ ಓದುತ್ತೇನೆ. ದೋಷ ನಿಮ್ಮ ಬನದಲ್ಲಿ ಇರಲಿಲ್ಲ. ನಿಮ್ಮ ಮಗಳಲ್ಲೂ ಇರಲಿಲ್ಲ.

ನಿಮ್ಮಿಂದ ಕ್ಷಮೆ ಕೇಳಿಸಿಕೊಂಡ
ಅಳಿಯ