ಕೋಟು ಹಾಕಿಕೊಂಡೇ ಕುಳಿತ ಹತ್ತು ನಿಮಿಷ

ಹಲ್, ಇಂಗ್ಲೆಂಡ್
ಮಾರ್ಚ್ 9, 1984

ಪ್ರೀತಿಯ ತಮ್ಮ ಕ್ಲಿಫ್,

ನಿನ್ನ ಮಂಡಿನೋವು ಹೇಗಿದೆ? ಆಸ್ಟ್ರೇಲಿಯಾದ ಬಿಸಿಲಿಗೂ ಬಗ್ಗಲಿಲ್ಲವೆಂದರೆ ಅದು ಅಪ್ಪನ ಕಡೆಯ ಮಂಡಿಯೇ ಸರಿ. ನಾನು ಗಟ್ಟಿಯಾಗಿದ್ದೇನೆ, ಜಗಳವಾಡುವಷ್ಟು.

ಲೈಬ್ರರಿಯ ಜಗಳವನ್ನು ಹೋದ ಕಾಗದದಲ್ಲಿ ಚುಟುಕಾಗಿ ಬರೆದಿದ್ದೆ, ಈಗ ಪೂರ್ತಿ ಕೇಳು. ನಮ್ಮೂರಿನ ಮಾತುಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಿದ್ದಾರೆ. ಅದರಲ್ಲಿ ‘ಫ್ರಿಂಬಲ್’ ಎಂದರೆ ಕೆಲಸಗಳ್ಳತನವಂತೆ, ಅದನ್ನು ಹುಟ್ಟಿಸಿದವರು ನಮ್ಮ ಸ್ಕೂಲಿನ ಪಾಟರ್ಟನ್ ಮೇಷ್ಟ್ರಂತೆ. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, “ಅದು ನಮ್ಮಮ್ಮ ಕಟ್ಟಿದ ಮಾತು. ಹೊರಟೆ ಅಂತ ಕೋಟು ಹಾಕ್ಕೊಂಡು, ಆಮೇಲೆ ಕೋಟಲ್ಲೇ ಕೂತು ಇನ್ನೊಂದು ಕಪ್ ಟೀ ಕುಡಿಯೋದು ಫ್ರಿಂಬಲ್. ಮೇಷ್ಟ್ರು ಅದನ್ನ ಕಲಿತಿದ್ದೇ ನನ್ನ ಬಾಯಿಂದ” ಎಂದೆ. ಸಾಕ್ಷಿ ಕೇಳಿದರು. ಅದಕ್ಕೇ ನಿನ್ನನ್ನು ಸಾಕ್ಷಿ ಬರೆದು ಕಳಿಸು ಎಂದಿದ್ದೆ. ನಿನ್ನ ಉತ್ತರವೋ, “ಮೇಷ್ಟ್ರೇ ಇಟ್ಕೊಳ್ಳಲಿ ಬಿಡು ವಿನ್ನಿ. ಆ ಮಾತೇ ಅಪ್ಪನ್ನ ನುಂಗಿದ್ದು.”

ಬಿಡುವುದಿಲ್ಲ ಕಣೋ. ನಮ್ಮ ಬೀದಿಯ ಕಟ್ಟಳೆ ನಿನಗೂ ಗೊತ್ತು. ಗಂಡಸರ ಮೀನುಹಡಗು ಹೊರಡುವ ದಿನ ಬಟ್ಟೆ ಒಗೆಯಬಾರದು, ಕೈ ಬೀಸಬಾರದು, ‘ಹೋಗಿ ಬಾ’ ಎನ್ನಬಾರದು. ಬಾಗಿಲಿಗೆ ಹೋದವನು ಮರಳಿ ಕೂರಲೇಬಾರದು, ಕೂತರೆ ಸಮುದ್ರ ನುಂಗುತ್ತದಂತೆ. ಕೊನೆಯ ಸಲ ಹಡಗಿಗೆ ಹೊರಟ ಬೆಳಿಗ್ಗೆ ಅಪ್ಪ ಮರಳಿ ಕೂತ. ‘ಕೂತ’ ಎಂದರೂ ಅಪಶಕುನ, ‘ಹೋಗು’ ಎಂದರೂ ಅಪಶಕುನ, ಅಮ್ಮನಿಗೆ ಆಡಬಹುದಾದ ಮಾತು ಒಂದೂ ಉಳಿದಿರಲಿಲ್ಲ. ಅದಕ್ಕೇ ಸಮುದ್ರಕ್ಕೆ ಗೊತ್ತಿಲ್ಲದ ಒಂದು ಮಾತನ್ನು ಹುಟ್ಟಿಸಿದಳು. “ನೋಡೇ ವಿನ್ನಿ, ನಿಮ್ಮಪ್ಪ ಫ್ರಿಂಬಲ್ ಮಾಡ್ತಿದ್ದಾರೆ” ಎಂದಳು. ಅಪ್ಪ ಸದ್ದು ಬಾರದಂತೆ, ಟೀ ಚೆಲ್ಲುವಷ್ಟು ನಕ್ಕ. ನಾನು ಅದನ್ನು ಅವತ್ತೇ ಸ್ಕೂಲಿಗೆ ಒಯ್ದೆ.

ಹಡಗು ಮರಳಲಿಲ್ಲ. ಪಕ್ಕದ ಮನೆಯ ಮಿಸೆಸ್ ಗ್ಯಾಸ್ಕಿನ್ ತಾನು ಸಾಯುವ ತನಕ ಅಮ್ಮನನ್ನು “ಗಂಡನ್ನ ಕೂರಿಸಿ ಕೊಂದವಳು” ಎನ್ನುತ್ತಿದ್ದಳು. ಆ ಹಡಗಿನಲ್ಲಿ ಇನ್ನೂ ಹತ್ತೊಂಬತ್ತು ಮಂದಿ ಇದ್ದರು ಕ್ಲಿಫ್. ಅವರು ಯಾರೂ ಮರಳಿ ಕೂತಿರಲಿಲ್ಲ. ಅವರನ್ನು ಯಾವ ಮಾತು ನುಂಗಿತು, ಹೇಳು? ಅಮ್ಮನ ಗಂಡನನ್ನು ಸಮುದ್ರ ಕಿತ್ತುಕೊಂಡಿತು, ಅವಳ ಮಾತನ್ನು ಪುಸ್ತಕದವರು ಕಿತ್ತುಕೊಳ್ಳಲು ನಾನು ಬಿಡುವವಳಲ್ಲ. ನೀನು ಬರೆಯದಿದ್ದರೂ ಮಂಗಳವಾರ ಮತ್ತೆ ಲೈಬ್ರರಿಗೆ ಹೋಗಿ, ಕೋಟು ಬಿಚ್ಚದೆ, ಅವರು ತಿದ್ದುವ ತನಕ ಕೂರುತ್ತೇನೆ.

ನೋರೀನಳಿಗೂ ಮಕ್ಕಳಿಗೂ ನನ್ನ ಪ್ರೀತಿ ಹೇಳು. ಮಂಡಿಗೆ ಬಿಸಿನೀರಿನ ಶಾಖ ಕೊಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಮೊಂಡುತನವನ್ನಲ್ಲ.

ನಿನ್ನ ಅಕ್ಕ,
ವಿನ್ನಿ

ಇನ್ನೊಂದು ಮಾತು: ಅಮ್ಮ ಹೇಳಬೇಡ ಎಂದಿದ್ದಳು, ನಲವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅಪ್ಪನನ್ನು ಕೂರಿಸಿದ್ದು ಅಮ್ಮನಲ್ಲ. ಐದು ವರ್ಷದ ನೀನು ಅವನ ಕೋಟಿನ ತೋಳು ಹಿಡಿದೆ, ಅವನು ಕೂತ, ನೀನು ಅವನ ತೊಡೆಯ ಮೇಲೇ ನಿದ್ದೆಹೋದೆ. ಎಬ್ಬಿಸಲು ಅವನಿಗೆ ಮನಸ್ಸು ಬರಲಿಲ್ಲ. ಬೀದಿಯವರು ನಿನ್ನ ಹೆಸರು ಎತ್ತಬಾರದೆಂದು ಅಮ್ಮ ಬೈಗುಳವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಳು. ಆ ಹತ್ತು ನಿಮಿಷ ಅಪ್ಪ ನಿನಗೆ ಕೊಟ್ಟದ್ದು. ಈಗ ಸಾಕ್ಷಿ ಬರೆ.